ಇಸ್ತಿಖಾರಾ: ಮುಖ್ಯ ನಿರ್ಧಾರಕ್ಕೆ ಮುನ್ನ ಅಲ್ಲಾಹನ ಮಾರ್ಗದರ್ಶನ ಬೇಡುವ ಸಮಗ್ರ ಕ್ರಮ

ಮಗಳಿಗೆ ಬಂದ ಸಂಬಂಧವನ್ನು ಒಪ್ಪುವುದೇ ಬಿಡುವುದೇ, ಗಲ್ಫ್‌ನಿಂದ ಬಂದ ಕೆಲಸಕ್ಕೆ ಹೊರಡುವುದೇ ಊರಿನಲ್ಲೇ ಅಂಗಡಿ ಹಾಕುವುದೇ, ಕೂಡಿಟ್ಟ ಹಣದಲ್ಲಿ ಜಾಗ ಕೊಳ್ಳುವುದೇ ಮಕ್ಕಳನ್ನು ಮುಂದೆ ಓದಿಸುವುದೇ ಎಂಬಂಥ ಪ್ರಶ್ನೆಗಳು ಎದುರಾದಾಗ ಒಬ್ಬ ಮುಸ್ಲಿಮನು ಏನು ಮಾಡಬೇಕೆಂಬುದನ್ನು ಪ್ರವಾದಿ ಮುಹಮ್ಮದ್(ಸ) ಅವರು ಸ್ಪಷ್ಟವಾಗಿ ಕಲಿಸಿಕೊಟ್ಟಿದ್ದಾರೆ. ಕುರ್‌ಆನಿನ ಒಂದು ಅಧ್ಯಾಯವನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅವರು ನಮಗೆ ಎಲ್ಲ ವಿಷಯಗಳಲ್ಲಿಯೂ ಇಸ್ತಿಖಾರಾ ಮಾಡುವುದನ್ನು ಕಲಿಸುತ್ತಿದ್ದರೆಂದು ಸಹಾಬಿ (ಪ್ರವಾದಿಯವರ ಸಂಗಾತಿ) ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಅವರು ವರದಿ ಮಾಡಿರುವ ಹದೀಸ್ (ಪ್ರವಾದಿವಚನ) ಸಹೀಹ್ ಬುಖಾರಿ ಎಂಬ ಸಂಗ್ರಹದಲ್ಲಿದೆ. ಫರ್ಝ್ (ಕಡ್ಡಾಯ) ಅಲ್ಲದ ಎರಡು ರಕಅತ್‌ಗಳ (ಆವರ್ತಗಳ) ನಮಾಝ್ ಮತ್ತು ಅದರ ನಂತರ ಒಂದು ನಿರ್ದಿಷ್ಟ ದುಆ (ಪ್ರಾರ್ಥನೆ), ಇಷ್ಟೇ ಇದರ ಹೊರರೂಪ. ಇದರಲ್ಲಿ ಯಾವ ಖರ್ಚೂ ಇಲ್ಲ, ಮಧ್ಯವರ್ತಿಯೂ ಬೇಕಿಲ್ಲ.

ಇಷ್ಟು ಸರಳವಾದ ಈ ಆರಾಧನೆಯ ಸುತ್ತ ನಮ್ಮ ಸಮಾಜದಲ್ಲಿ ಅನೇಕ ತಪ್ಪು ಕಲ್ಪನೆಗಳು ಬೆಳೆದು ನಿಂತಿವೆ. ಇಸ್ತಿಖಾರಾ ಮಾಡಿ ಮಲಗಿದರೆ ಕನಸಿನಲ್ಲಿ ಹಸಿರು ಕಾಣುತ್ತದೆ ಅಥವಾ ಕೆಂಪು ಕಾಣುತ್ತದೆ, ಹಸಿರು ಕಂಡರೆ ಒಳ್ಳೆಯದು, ಕೆಂಪು ಕಂಡರೆ ಕೆಟ್ಟದ್ದು ಎಂದು ನಂಬುವವರು ಇಂದಿಗೂ ಇದ್ದಾರೆ. ಭವಿಷ್ಯವನ್ನು ತಿಳಿದುಕೊಳ್ಳುವ ಉಪಾಯವೆಂದು ಇದನ್ನು ನೋಡಿದರೆ ಆರಂಭವೇ ತಪ್ಪಾಗುತ್ತದೆ. ಭವಿಷ್ಯವನ್ನು ಬಲ್ಲ ಅಲ್ಲಾಹನಿಗೆ ವಿಷಯವನ್ನು ಒಪ್ಪಿಸಿ, ಒಳಿತಾದುದನ್ನು ಸುಗಮಗೊಳಿಸಿ ಕೆಡುಕಾದುದನ್ನು ದೂರ ಮಾಡೆಂದು ಬೇಡಿ, ಅನಂತರ ಹೆಜ್ಜೆ ಮುಂದಿಡುವುದೇ ಇಸ್ತಿಖಾರಾ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ಹಂತ: ವಿಷಯವು ಇಸ್ತಿಖಾರಾಕ್ಕೆ ಸಲ್ಲುವಂಥದ್ದೇ ಎಂದು ನೋಡುವುದು

ಅಲ್ಲಾಹನು ಈಗಾಗಲೇ ಆಜ್ಞಾಪಿಸಿರುವ ಅಥವಾ ನಿಷೇಧಿಸಿರುವ ವಿಷಯದಲ್ಲಿ ಇಸ್ತಿಖಾರಾ ಇಲ್ಲ. ಐದು ಹೊತ್ತಿನ ನಮಾಝ್ ಮಾಡಬೇಕೇ, ಝಕಾತ್ ಕೊಡಬೇಕೇ, ಹೆತ್ತವರನ್ನು ನೋಡಿಕೊಳ್ಳಬೇಕೇ ಎಂದು ಕೇಳುವ ಅಗತ್ಯವಿಲ್ಲ. ಹಾಗೆಯೇ ಬಡ್ಡಿಯ ವ್ಯವಹಾರಕ್ಕೆ ಇಳಿಯಲೇ, ತಂಗಿಯ ಪಾಲಿನ ಆಸ್ತಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲೇ ಎಂದು ಇಸ್ತಿಖಾರಾ ಮಾಡುವುದು ಅಲ್ಲಾಹನ ಮುಂದೆ ತೋರುವ ಉದ್ಧಟತನವೇ ಆಗುತ್ತದೆ. ಎರಡೂ ಬದಿ ಹಲಾಲ್ (ಧರ್ಮಸಮ್ಮತ) ಆಗಿದ್ದು ಯಾವುದು ಲೇಸೆಂದು ತಿಳಿಯದಿರುವಲ್ಲಿ ಮಾತ್ರ ಇದಕ್ಕೆ ಜಾಗವಿದೆ.

ಕಡ್ಡಾಯ ಕರ್ಮಗಳಲ್ಲಿಯೂ ಅವುಗಳ ವಿಧಾನ ಮತ್ತು ಸಮಯದ ಕುರಿತು ಇಸ್ತಿಖಾರಾ ಮಾಡಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಹಜ್ ಕಡ್ಡಾಯವಾಗಿರುವವನು ಹಜ್‌ಗೆ ಹೋಗಲೇ ಎಂದು ಕೇಳುವಂತಿಲ್ಲ, ಆದರೆ ಹಜ್ ಸಮಿತಿಯ ಮೂಲಕ ಹೋಗುವುದೇ ಖಾಸಗಿ ತಂಡದೊಂದಿಗೆ ಹೋಗುವುದೇ, ಯಾರ ಜೊತೆಗೆ ಹೋಗುವುದು ಎಂಬುದರಲ್ಲಿ ಕೇಳಬಹುದು.

ಎರಡನೆಯ ಹಂತ: ವಿಚಾರಿಸುವುದು ಮತ್ತು ಮಶ್ವರಾ (ಸಮಾಲೋಚನೆ) ಮಾಡುವುದು

ಇಸ್ತಿಖಾರಾದ ವಿಷಯದಲ್ಲಿ ನಮ್ಮವರು ಅತಿ ಹೆಚ್ಚು ಕಡೆಗಣಿಸುವ ಹಂತವೆಂದರೆ ಇದೇ. ತಿಳಿದುಕೊಳ್ಳಬಹುದಾದುದನ್ನು ತಿಳಿದುಕೊಳ್ಳದೆ, ಕೇಳಬಹುದಾದವರನ್ನು ಕೇಳದೆ, ನೇರವಾಗಿ ನಮಾಝ್‌ಗೆ ನಿಂತು ಅಲ್ಲಾಹನು ದಾರಿ ತೋರಿಸಲಿ ಎನ್ನುವುದು ಅವನು ಕೊಟ್ಟ ಬುದ್ಧಿಗೆ ಮಾಡುವ ಅನ್ಯಾಯ. ಕಾರ್ಯಗಳಲ್ಲಿ ಅವರೊಂದಿಗೆ ಸಮಾಲೋಚಿಸಿರಿ, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಿರಿ ಎಂಬ ಅರ್ಥದ ಆಜ್ಞೆ ಕುರ್‌ಆನಿನ 3ನೆಯ ಅಧ್ಯಾಯದ 159ನೆಯ ಸೂಕ್ತದಲ್ಲಿ ಸ್ವತಃ ಪ್ರವಾದಿ(ಸ) ಅವರಿಗೇ ಬಂದಿದೆ. ದಿವ್ಯವಾಣಿ ಅವತರಿಸುತ್ತಿದ್ದ ವ್ಯಕ್ತಿಗೇ ಸಮಾಲೋಚನೆಯ ಆಜ್ಞೆಯಿರುವಾಗ ಉಳಿದವರ ಮಾತೇನು? ಮಕ್ಕಾದವರು ಯಾತ್ರೆಯನ್ನು ತಡೆದ ಹುದೈಬಿಯಾದಲ್ಲಿ ಸಹಾಬಿಗಳು ದುಃಖದಿಂದ ಕುಳಿತಲ್ಲಿಂದ ಏಳದೆ ಹೋದಾಗ, ತಾವೇ ಮೊದಲು ಹೋಗಿ ಬಲಿ ನೀಡಿ ತಲೆ ಬೋಳಿಸಿಕೊಳ್ಳಿರೆಂದು ಪತ್ನಿ ಉಮ್ಮು ಸಲಮಾ(ರ) ಕೊಟ್ಟ ಸಲಹೆಯನ್ನು ಪ್ರವಾದಿ(ಸ) ಅವರು ಹಾಗೆಯೇ ಪಾಲಿಸಿದರು. ಮನೆಯ ಹೆಂಗಸರನ್ನು ಕೇಳದೆ ಮನೆಯ ನಿರ್ಧಾರ ಕೈಗೊಳ್ಳುವವರು ಈ ಘಟನೆಯನ್ನು ನೆನಪಿಡಬೇಕು.

ಯಾರನ್ನು ಕೇಳಬೇಕು ಎಂಬುದಕ್ಕೆ ಮೂರು ಗುಣಗಳನ್ನು ನೋಡಿ: ಆ ವಿಷಯ ಗೊತ್ತಿರಬೇಕು, ದೈವಭಯವಿರಬೇಕು, ನಿಮ್ಮ ಒಳಿತನ್ನು ಬಯಸುವವರಾಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಸಲಹೆ ವಾಲುತ್ತದೆ. ಧರ್ಮದ ಪ್ರಶ್ನೆಗೆ ಉಸ್ತಾದರು ಸರಿ, ಆದರೆ ಜಾಗದ ದಾಖಲೆಯ ಪ್ರಶ್ನೆಗೆ ವಕೀಲರ ಬಳಿಗೇ ಹೋಗಬೇಕು.

ಸಲಹೆ ಕೇಳಲ್ಪಟ್ಟವನು ವಿಶ್ವಾಸಕ್ಕೆ ಪಾತ್ರನಾದವನು ಎಂದು ಹದೀಸ್ ಹೇಳುತ್ತದೆ. ಈ ಹೊಣೆ ಎಷ್ಟು ನೇರವಾದುದು ಎಂಬುದನ್ನು ಫಾತಿಮಾ ಬಿಂತ್ ಕೈಸ್(ರ) ಅವರ ಪ್ರಸಂಗ ತೋರಿಸುತ್ತದೆ. ವಿಚ್ಛೇದನದ ಇದ್ದತ್ (ಕಾಯುವ ಅವಧಿ) ಮುಗಿದ ಮೇಲೆ ಅವರಿಗೆ ಮುಆವಿಯಾ ಮತ್ತು ಅಬೂ ಜಹ್ಮ್ ಎಂಬಿಬ್ಬರ ಕಡೆಯಿಂದ ಸಂಬಂಧ ಬಂದಿತು. ಅವರು ಪ್ರವಾದಿ(ಸ) ಅವರನ್ನು ಕೇಳಿದಾಗ, ಅಬೂ ಜಹ್ಮ್ ಹೆಗಲಿನಿಂದ ಕೋಲನ್ನು ಇಳಿಸುವವರಲ್ಲ (ಅಂದರೆ ಹೆಂಡತಿಯನ್ನು ಹೊಡೆಯುವವರು), ಮುಆವಿಯಾ ಕೈಯಲ್ಲಿ ಹಣವಿಲ್ಲದ ಬಡವರು, ಉಸಾಮಾರನ್ನು ಮದುವೆಯಾಗಿರಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲು ಫಾತಿಮಾರಿಗೆ ಅದು ಹಿಡಿಸಲಿಲ್ಲ. ಆಮೇಲೆ ಒಪ್ಪಿ ಮದುವೆಯಾದರು, ಆ ದಾಂಪತ್ಯದಲ್ಲಿ ಅಲ್ಲಾಹನು ಎಷ್ಟು ಒಳಿತನ್ನು ಇಟ್ಟನೆಂದರೆ ಇತರರು ಅಸೂಯೆಪಡುವಂತಾಯಿತು ಎಂದು ಅವರೇ ಹೇಳಿಕೊಂಡದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹುಡುಗನ ಬಗ್ಗೆ ವಿಚಾರಿಸಲು ಬಂದವರಿಗೆ ಗೊತ್ತಿದ್ದ ದೋಷವನ್ನು ಮುಚ್ಚಿಟ್ಟು, ಒಳ್ಳೆಯ ಹುಡುಗ, ದೇವರಿಟ್ಟಂತಾಗಲಿ ಎಂದು ಕಳುಹಿಸಿಬಿಡುವುದು ನಮ್ಮಲ್ಲಿ ಸೌಜನ್ಯವೆಂದು ಎಣಿಸಲ್ಪಡುತ್ತದೆ. ಈ ಹದೀಸಿನ ಬೆಳಕಿನಲ್ಲಿ ನೋಡಿದರೆ ಅದು ಒಂದು ಹೆಣ್ಣುಮಗಳ ಬದುಕಿಗೆ ಮಾಡುವ ದ್ರೋಹ.

ವಿಚಾರಣೆಯ ಬಗ್ಗೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕರಾವಳಿಯ ಒಬ್ಬ ಯುವಕನಿಗೆ ಏಜೆಂಟರೊಬ್ಬರ ಮೂಲಕ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಇಸ್ತಿಖಾರಾಕ್ಕೆ ಮುನ್ನ ಅವನು ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಏಜೆಂಟರು ಭಾರತ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತರೇ, ಕರಾರುಪತ್ರದಲ್ಲಿ ಬರೆದ ಸಂಬಳವೂ ಬಾಯಲ್ಲಿ ಹೇಳಿದ ಸಂಬಳವೂ ಒಂದೇ ಆಗಿವೆಯೇ, ವಸತಿ ಮತ್ತು ಊಟ ಕಂಪೆನಿಯದೇ, ವೀಸಾದಲ್ಲಿ ನಮೂದಿಸಿದ ಹುದ್ದೆ ಯಾವುದು, ಅದೇ ಕಂಪೆನಿಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಊರಿನವರು ಏನು ಹೇಳುತ್ತಾರೆ, ಇವೆಲ್ಲವೂ ಫೋನಿನಲ್ಲಿಯೇ ತಿಳಿಯುವ ವಿಷಯಗಳು. ಜಾಗ ಕೊಳ್ಳುವವರು ಪಹಣಿ ಮತ್ತು ಋಣಭಾರ ಪತ್ರವನ್ನು ನೋಡದೆ ಇಸ್ತಿಖಾರಾ ಮಾಡಬಾರದು. ಈ ಪರಿಶೀಲನೆಯಲ್ಲೇ ಎಷ್ಟೋ ಸಲ ಉತ್ತರ ಸಿಕ್ಕಿಬಿಡುತ್ತದೆ, ಹಾಗೆ ಸಿಕ್ಕ ಉತ್ತರವೂ ಅಲ್ಲಾಹನ ಕಡೆಯದೇ ಎಂದು ಸ್ವೀಕರಿಸಬೇಕು.

ಮೂರನೆಯ ಹಂತ: ವಿಷಯವನ್ನು ಒಂದಕ್ಕೆ ಇಳಿಸಿ ಮನಸ್ಸನ್ನು ತೆರೆದಿಡುವುದು

ನಿಮ್ಮಲ್ಲೊಬ್ಬನು ಒಂದು ಕಾರ್ಯವನ್ನು ಮಾಡಲು ಉದ್ದೇಶಿಸಿದಾಗ ಎಂದೇ ಪ್ರವಾದಿ(ಸ) ಅವರು ಮಾತನ್ನು ಆರಂಭಿಸಿದ್ದಾರೆ. ಅಂದರೆ ಹತ್ತು ದಾರಿಗಳ ನಡುವೆ ಗೊಂದಲದಲ್ಲಿರುವಾಗ ಅಲ್ಲ, ವಿಚಾರಿಸಿ ನೋಡಿ ಒಂದರ ಕಡೆಗೆ ಮನಸ್ಸು ಬಂದಾಗ ಇಸ್ತಿಖಾರಾ ಮಾಡಬೇಕು. ದುಆದಲ್ಲಿಯೂ ಈ ಕಾರ್ಯ ಎಂದು ಏಕವಚನದಲ್ಲೇ ಹೇಳಲಾಗುತ್ತದೆ. ಮೂರು ಸಂಬಂಧಗಳು ಬಂದಿದ್ದರೆ, ಎಲ್ಲ ರೀತಿಯಲ್ಲೂ ಸೂಕ್ತವೆನಿಸಿದ ಒಂದನ್ನು ಮುಂದಿಟ್ಟು ಅದರ ಬಗ್ಗೆ ಕೇಳಿ. ಅದು ತಪ್ಪಿಹೋದರೆ ಮುಂದಿನದಕ್ಕೆ ಬನ್ನಿ.

ಆದರೆ ಮನಸ್ಸು ಒಂದು ಕಡೆಗೆ ಬಂದಿರುವುದಕ್ಕೂ ಹಟ ಹಿಡಿದಿರುವುದಕ್ಕೂ ಅಂತರವಿದೆ. ಏನೇ ಆದರೂ ಇದನ್ನು ಮಾಡಿಯೇ ತೀರುತ್ತೇನೆ, ಸುಮ್ಮನೆ ಅಲ್ಲಾಹನ ಮುದ್ರೆ ಬೀಳಲಿ ಎಂದುಕೊಂಡು ನಿಲ್ಲುವವನು ಆಯ್ಕೆಯನ್ನು ಅಲ್ಲಾಹನಿಗೆ ಬಿಟ್ಟಿರುವುದಿಲ್ಲ. ಪ್ರಸಿದ್ಧ ವಿದ್ವಾಂಸ ಇಮಾಮ್ ನವವಿ ಅವರು ಇಸ್ತಿಖಾರಾಕ್ಕೆ ಮೊದಲೇ ತನ್ನ ಬಯಕೆ ಬಲವಾಗಿದ್ದ ಕಡೆಗೆ ವಾಲಬಾರದೆಂದು ಎಚ್ಚರಿಸಿರುವುದು ಇದೇ ಕಾರಣಕ್ಕೆ. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು ಒಂದು ಪ್ರಶ್ನೆ ಸಾಕು: ನಾಳೆ ಇದು ಕೈತಪ್ಪಿದರೆ, ಅಲ್ಹಮ್‌ದುಲಿಲ್ಲಾಹ್ (ಸ್ತುತಿ ಅಲ್ಲಾಹನಿಗೆ) ಎನ್ನಲು ನಾನು ಸಿದ್ಧನಿದ್ದೇನೆಯೇ? ಸಿದ್ಧರಿಲ್ಲವೆಂದು ಅನಿಸಿದರೆ ಇಸ್ತಿಖಾರಾ ಬಿಡಬೇಕಾಗಿಲ್ಲ, ಆ ಹಟವನ್ನು ಸಡಿಲಿಸೆಂದು ಮೊದಲು ಅವನಲ್ಲೇ ಬೇಡಿಕೊಳ್ಳಿ.

ನಾಲ್ಕನೆಯ ಹಂತ: ಸಮಯವನ್ನು ನೋಡಿಕೊಳ್ಳುವುದು

ಮೂರು ಹೊತ್ತುಗಳನ್ನು ಬಿಡಬೇಕು. ಫಜ್ರ್ ನಮಾಝ್ ಆದ ಮೇಲೆ ಸೂರ್ಯ ಉದಯಿಸಿ ಸ್ವಲ್ಪ ಮೇಲೇರುವವರೆಗೆ, ನಡುಹಗಲು ಸೂರ್ಯ ನೆತ್ತಿಯ ಮೇಲಿರುವಾಗ, ಅಸರ್ ನಮಾಝ್ ಆದ ಮೇಲೆ ಸೂರ್ಯಾಸ್ತದವರೆಗೆ. ಕರಾವಳಿಯ ಬ್ಯಾರಿ ಮತ್ತು ನವಾಯತ್ ಸಮುದಾಯದವರು ಸಾಮಾನ್ಯವಾಗಿ ಶಾಫಿಈ ಮದ್‌ಹಬನ್ನು (ಧರ್ಮಶಾಸ್ತ್ರದ ಪಂಥವನ್ನು), ಘಟ್ಟದ ಮೇಲಿನ ಹೆಚ್ಚಿನವರು ಹನಫೀ ಮದ್‌ಹಬನ್ನು ಅನುಸರಿಸುವುದರಿಂದ ಈ ಹೊತ್ತುಗಳ ಐಚ್ಛಿಕ ನಮಾಝ್ ಬಗ್ಗೆ ಬೇರೆ ಬೇರೆ ಮಾತುಗಳು ಕಿವಿಗೆ ಬೀಳುತ್ತವೆ. ಕಾರಣವಿರುವ ಕೆಲವು ನಮಾಝ್‌ಗಳಿಗೆ ಶಾಫಿಈಗಳಲ್ಲಿ ಈ ಹೊತ್ತಿನಲ್ಲೂ ಅನುಮತಿಯಿದೆ ಎಂಬುದು ನಿಜ. ಆದರೆ ಇಸ್ತಿಖಾರಾ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಅದರ ಕಾರಣವಾದ ದುಆ ನಮಾಝ್‌ನ ನಂತರ ಬರುತ್ತದೆ. ಹಾಗಾಗಿ ಇಬ್ಬರೂ ಈ ಹೊತ್ತುಗಳನ್ನು ಬಿಡುವುದೇ ಕ್ರಮ.

ಉಳಿದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಮಲಗುವ ಮುನ್ನವೇ ಮಾಡಬೇಕೆಂಬ ನಿಯಮವಿಲ್ಲ. ರಾತ್ರಿಯ ಕೊನೆಯ ಮೂರನೇ ಒಂದು ಭಾಗ ದುಆ ಸ್ವೀಕೃತವಾಗುವ ಹೊತ್ತೆಂದು ಸಹೀಹ್ ಹದೀಸ್‌ಗಳಲ್ಲಿ ಬಂದಿರುವುದರಿಂದ, ತಹಜ್ಜುದ್ (ತಡರಾತ್ರಿಯ ನಮಾಝ್)ಗೆ ಏಳುವ ರೂಢಿಯುಳ್ಳವರು ಆಗ ಮಾಡುವುದು ಉತ್ತಮ. ಮುಟ್ಟಿನ ಅಥವಾ ಹೆರಿಗೆಯ ನಂತರದ ದಿನಗಳಲ್ಲಿರುವ ಮಹಿಳೆಯರು ನಮಾಝ್ ಇಲ್ಲದೆ ದುಆ ಮಾತ್ರ ಮಾಡಬಹುದು. ನಮಾಝ್‌ಗೆ ಅವಕಾಶವೇ ಇಲ್ಲದ ತುರ್ತಿನಲ್ಲಿ, ಉದಾಹರಣೆಗೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳುತ್ತಿರುವ ಗಳಿಗೆಯಲ್ಲಿ, ಯಾರಾದರೂ ಹೀಗೆಯೇ ಮಾಡಬಹುದು.

ಐದನೆಯ ಹಂತ: ಎರಡು ರಕಅತ್ ನಮಾಝ್

ಚೆನ್ನಾಗಿ ವುಝೂ (ಅಂಗಶುದ್ಧಿ) ಮಾಡಿ, ಕಿಬ್ಲಾಕ್ಕೆ (ಕಅಬಾದ ದಿಕ್ಕಿಗೆ) ಮುಖ ಮಾಡಿ, ಇಸ್ತಿಖಾರಾದ ಎರಡು ರಕಅತ್ ಸುನ್ನತ್ ನಮಾಝ್ ಎಂದು ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಮಾಡಿಕೊಳ್ಳಿ. ಉಳಿದೆಲ್ಲವೂ ಸಾಮಾನ್ಯ ಎರಡು ರಕಅತ್ ನಮಾಝ್‌ನಂತೆಯೇ. ಮೊದಲ ರಕಅತ್‌ನಲ್ಲಿ ಫಾತಿಹಾದ ನಂತರ ಸೂರಃ (ಕುರ್‌ಆನಿನ ಅಧ್ಯಾಯ) ಕಾಫಿರೂನ್, ಎರಡನೆಯದರಲ್ಲಿ ಸೂರಃ ಇಖ್ಲಾಸ್ ಓದುವುದು ಉತ್ತಮವೆಂದು ಇಮಾಮ್ ನವವಿ ಹೇಳಿದ್ದಾರೆ, ಆದರೆ ಹದೀಸ್‌ನಲ್ಲಿ ಯಾವ ಸೂರಃ ಎಂದು ನಿಗದಿಯಾಗಿಲ್ಲದ ಕಾರಣ ನಿಮಗೆ ಬರುವ ಯಾವ ಸೂರಃ ಓದಿದರೂ ಸಾಕು. ಫರ್ಝ್ ನಮಾಝ್ ಮುಗಿಸಿ ಅದರ ಬೆನ್ನಿಗೇ ದುಆ ಓದಿದರೆ ಇಸ್ತಿಖಾರಾ ನಮಾಝ್ ಆಗುವುದಿಲ್ಲ.

ಆರನೆಯ ಹಂತ: ದುಆ

ಸಲಾಮ್ ಹೇಳಿದ ಮೇಲೆ ಕುಳಿತಲ್ಲೇ ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ(ಸ) ಅವರ ಮೇಲೆ ಸಲಾತ್ (ಅನುಗ್ರಹದ ಪ್ರಾರ್ಥನೆ) ಹೇಳಿ, ಕೈಯೆತ್ತಿ ಈ ದುಆ ಓದಿ. ನಮಾಝ್ ಮುಗಿದಿರುವುದರಿಂದ ಪುಸ್ತಕ ಅಥವಾ ಮೊಬೈಲ್ ನೋಡಿ ಓದಲು ಅಡ್ಡಿಯಿಲ್ಲ.

ಅಲ್ಲಾಹುಮ್ಮ ಇನ್ನೀ ಅಸ್ತಖೀರುಕ ಬಿಇಲ್ಮಿಕ, ವ ಅಸ್ತಕ್‌ದಿರುಕ ಬಿಕುದ್‌ರತಿಕ, ವ ಅಸ್‌ಅಲುಕ ಮಿನ್ ಫಝ್‌ಲಿಕಲ್ ಅಝೀಮ್. ಫಇನ್ನಕ ತಕ್‌ದಿರು ವಲಾ ಅಕ್‌ದಿರು, ವ ತಅಲಮು ವಲಾ ಅಅಲಮು, ವ ಅಂತ ಅಲ್ಲಾಮುಲ್ ಗುಯೂಬ್. ಅಲ್ಲಾಹುಮ್ಮ ಇನ್ ಕುಂತ ತಅಲಮು ಅನ್ನ ಹಾದಲ್ ಅಮ್ರ ಖೈರುನ್ ಲೀ ಫೀ ದೀನೀ ವ ಮಆಶೀ ವ ಆಕಿಬತಿ ಅಮ್ರೀ, ಫಕ್‌ದುರ್‌ಹು ಲೀ ವ ಯಸ್ಸಿರ್‌ಹು ಲೀ, ಸುಮ್ಮ ಬಾರಿಕ್ ಲೀ ಫೀಹಿ. ವ ಇನ್ ಕುಂತ ತಅಲಮು ಅನ್ನ ಹಾದಲ್ ಅಮ್ರ ಶರ್ರುನ್ ಲೀ ಫೀ ದೀನೀ ವ ಮಆಶೀ ವ ಆಕಿಬತಿ ಅಮ್ರೀ, ಫಸ್‌ರಿಫ್‌ಹು ಅನ್ನೀ ವಸ್‌ರಿಫ್‌ನೀ ಅನ್‌ಹು, ವಕ್‌ದುರ್ ಲಿಯಲ್ ಖೈರ ಹೈಸು ಕಾನ, ಸುಮ್ಮ ಅರ್‌ಝಿನೀ ಬಿಹಿ.

ಕನ್ನಡ ಲಿಪಿಯಲ್ಲಿ ಅರಬೀ ಅಕ್ಷರಗಳ ಉಚ್ಚಾರ ಪೂರ್ತಿಯಾಗಿ ಬರುವುದಿಲ್ಲವಾದ್ದರಿಂದ ಮದ್ರಸದ ಉಸ್ತಾದರ ಬಳಿ ಒಮ್ಮೆ ಓದಿಸಿ ತಿದ್ದಿಕೊಳ್ಳುವುದು ಒಳ್ಳೆಯದು. ಇದರ ಭಾವಾರ್ಥ ಹೀಗಿದೆ:

ಓ ಅಲ್ಲಾಹ್, ನಿನ್ನ ಜ್ಞಾನದಿಂದ ನನಗೆ ಒಳಿತನ್ನು ಆರಿಸಿಕೊಡೆಂದು ಬೇಡುತ್ತೇನೆ, ನಿನ್ನ ಶಕ್ತಿಯಿಂದ ನನಗೆ ಶಕ್ತಿಯನ್ನು ಬೇಡುತ್ತೇನೆ, ನಿನ್ನ ಮಹಾ ಅನುಗ್ರಹವನ್ನು ಯಾಚಿಸುತ್ತೇನೆ. ನೀನು ಶಕ್ತನು, ನಾನು ಅಶಕ್ತನು. ನೀನು ಬಲ್ಲೆ, ನಾನು ಅರಿಯೆ. ಅಗೋಚರವಾದುದೆಲ್ಲವನ್ನೂ ಚೆನ್ನಾಗಿ ಬಲ್ಲವನು ನೀನೇ. ಓ ಅಲ್ಲಾಹ್, ಈ ಕಾರ್ಯವು ನನ್ನ ಧರ್ಮಕ್ಕೂ ನನ್ನ ಜೀವನೋಪಾಯಕ್ಕೂ ನನ್ನ ಕಾರ್ಯದ ಪರಿಣಾಮಕ್ಕೂ ಒಳಿತೆಂದು ನೀನು ಬಲ್ಲೆಯಾದರೆ ಅದನ್ನು ನನಗೆ ವಿಧಿಸು, ಸುಗಮಗೊಳಿಸು, ಅನಂತರ ಅದರಲ್ಲಿ ಬರಕತ್ (ಸಮೃದ್ಧಿ) ನೀಡು. ಈ ಕಾರ್ಯವು ನನ್ನ ಧರ್ಮಕ್ಕೂ ನನ್ನ ಜೀವನೋಪಾಯಕ್ಕೂ ನನ್ನ ಕಾರ್ಯದ ಪರಿಣಾಮಕ್ಕೂ ಕೆಡುಕೆಂದು ನೀನು ಬಲ್ಲೆಯಾದರೆ ಅದನ್ನು ನನ್ನಿಂದ ಸರಿಸು, ನನ್ನನ್ನು ಅದರಿಂದ ಸರಿಸು, ಒಳಿತು ಎಲ್ಲಿಯೇ ಇದ್ದರೂ ಅದನ್ನು ನನಗೆ ವಿಧಿಸು, ಅನಂತರ ಅದರಲ್ಲಿ ನನಗೆ ತೃಪ್ತಿಯನ್ನು ಕೊಡು.

ತನ್ನ ಅಗತ್ಯವನ್ನು ಹೆಸರಿಸಬೇಕೆಂದು ಹದೀಸಿನಲ್ಲೇ ಇದೆ. ಹಾದಲ್ ಅಮ್ರ ಎಂಬ ಪದಗಳು ಎರಡು ಕಡೆ ಬರುತ್ತವೆ, ಅಲ್ಲಿ ನಿಮ್ಮ ವಿಷಯವನ್ನು ಸ್ಪಷ್ಟವಾಗಿ ಮನಸ್ಸಿಗೆ ತಂದುಕೊಳ್ಳಿ ಅಥವಾ ನಿಮ್ಮ ಭಾಷೆಯಲ್ಲಿಯೇ ಹೇಳಿ. ದಮ್ಮಾಮ್‌ನ ಆ ಕಂಪೆನಿಯಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕುವುದು, ಇಂಥವರ ಮಗನೊಂದಿಗೆ ನನ್ನ ನಿಕಾಹ್, ಇಂಥ ಸರ್ವೆ ನಂಬರಿನ ಜಾಗವನ್ನು ಕೊಳ್ಳುವುದು ಎಂದು ನಿರ್ದಿಷ್ಟವಾಗಿರಲಿ. ನನ್ನ ಬದುಕು ಚೆನ್ನಾಗಿರಲಿ ಎಂಬ ಅಸ್ಪಷ್ಟ ಬೇಡಿಕೆ ದುಆ ಹೌದು, ಇಸ್ತಿಖಾರಾ ಅಲ್ಲ. ಅರಬೀ ಓದಲು ಬಾರದವರು ಕಲಿಯುವವರೆಗೆ ಈ ಅರ್ಥವನ್ನೇ ಕನ್ನಡದಲ್ಲಿಯೋ ಬ್ಯಾರಿ ಭಾಷೆಯಲ್ಲಿಯೋ ಉರ್ದುವಿನಲ್ಲಿಯೋ ಹೇಳಿ ಬೇಡಬಹುದು.

ಈ ದುಆವನ್ನು ನಿಧಾನವಾಗಿ ಗಮನಿಸಿದವರಿಗೆ ಏನನ್ನು ನಿರೀಕ್ಷಿಸಬೇಕೆಂಬುದು ತಿಳಿಯುತ್ತದೆ. ಇದರಲ್ಲಿ ನನಗೆ ತೋರಿಸು, ನನಗೆ ತಿಳಿಸು ಎಂಬ ಮಾತು ಎಲ್ಲಿಯೂ ಇಲ್ಲ. ವಿಧಿಸು, ಸುಗಮಗೊಳಿಸು, ಬರಕತ್ ನೀಡು, ಸರಿಸು, ತೃಪ್ತಿ ಕೊಡು ಎಂದೇ ಇದೆ. ಕೆಡುಕನ್ನು ನನ್ನಿಂದ ಸರಿಸು ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸದೆ ನನ್ನನ್ನೂ ಅದರಿಂದ ಸರಿಸು ಎಂದು ಕೇಳುವುದು ಬಹಳ ಆಳವಾದುದು, ಏಕೆಂದರೆ ಒಂದು ವಿಷಯ ಕೈತಪ್ಪಿದರೂ ಮನಸ್ಸು ಅದರ ಹಿಂದೆಯೇ ಅಲೆಯುತ್ತಿದ್ದರೆ ಆ ಕೆಡುಕಿನಿಂದ ಪೂರ್ತಿಯಾಗಿ ಪಾರಾದಂತಾಗುವುದಿಲ್ಲ. ಧರ್ಮವನ್ನು ಜೀವನೋಪಾಯಕ್ಕಿಂತ ಮೊದಲು ಇಟ್ಟಿರುವುದನ್ನೂ ನೋಡಿ. ಸಂಬಳ ಹೆಚ್ಚು, ಆದರೆ ಶುಕ್ರವಾರದ ಜುಮುಅಃ ನಮಾಝ್‌ಗೂ ಬಿಡುವಿಲ್ಲ ಎನ್ನುವ ಕೆಲಸ ಮೊದಲನೆಯ ಅಳತೆಯಲ್ಲೇ ಸೋಲುತ್ತದೆ.

ಏಳನೆಯ ಹಂತ: ಎದ್ದು ಹೆಜ್ಜೆಯಿಡುವುದು

ದುಆ ಮುಗಿದ ಮೇಲೆ ಏನಾಗುತ್ತದೆ ಎಂದು ಕಾಯುತ್ತ ಕೂರುವುದು ಎಲ್ಲಕ್ಕಿಂತ ದೊಡ್ಡ ತೊಡಕು. ವಿದ್ವಾಂಸರಲ್ಲಿ ಇಲ್ಲಿ ಎರಡು ಅಭಿಪ್ರಾಯಗಳಿವೆ. ಇಸ್ತಿಖಾರಾದ ನಂತರ ಮನಸ್ಸು ಯಾವುದರ ಕಡೆಗೆ ಅರಳುತ್ತದೋ ಅದನ್ನು ಮಾಡಬೇಕೆಂದು ಇಮಾಮ್ ನವವಿ ಹೇಳಿದ್ದಾರೆ. ಇಸ್ತಿಖಾರಾ ಮಾಡಿದವನು ಅನಂತರ ಏನು ಮಾಡಿದರೂ ಒಳಿತು ಅದರಲ್ಲೇ ಇರುತ್ತದೆ ಎಂಬುದು ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ಅವರ ನಿಲುವು. ಮನಸ್ಸಿಗೆ ಸ್ಪಷ್ಟವಾದ ಒಲವು ಬಂದವರಿಗೆ ಮೊದಲನೆಯದು ದಾರಿ, ಏನೂ ಅನಿಸದವರಿಗೆ ಎರಡನೆಯದು ನೆಮ್ಮದಿ. ವಿಚಾರಿಸಿ, ಮಶ್ವರಾ ಮಾಡಿ, ಒಂದಕ್ಕೆ ಬಂದು, ದುಆ ಮಾಡಿದ್ದೀರಿ. ಇನ್ನು ಆ ಕಡೆಗೆ ನಡೆಯಿರಿ. ಒಳಿತಾಗಿದ್ದರೆ ದಾರಿ ತೆರೆದುಕೊಳ್ಳುತ್ತದೆ, ಇಲ್ಲವಾದರೆ ಅಲ್ಲಾಹನೇ ತಡೆಯುತ್ತಾನೆ.

ಸಹಾಬಿಗಳು ಇದನ್ನು ಹೇಗೆ ಅರ್ಥ ಮಾಡಿಕೊಂಡಿದ್ದರೆಂದು ತಿಳಿಯಲು ಪ್ರವಾದಿ(ಸ) ಅವರ ದಫನದ ಪ್ರಸಂಗವನ್ನು ನೋಡಬೇಕು. ಮದೀನಾದಲ್ಲಿ ಒಬ್ಬರು ಬದಿಯಲ್ಲಿ ಗೂಡು ಕೊರೆದ ಕಬರ್ ತೋಡುತ್ತಿದ್ದರು, ಇನ್ನೊಬ್ಬರು ನೇರವಾದ ಕಬರ್ ತೋಡುತ್ತಿದ್ದರು. ಯಾವುದನ್ನು ತೋಡಿಸುವುದೆಂಬ ಪ್ರಶ್ನೆ ಬಂದಾಗ, ನಮ್ಮ ಪ್ರಭುವಿನಲ್ಲಿ ಇಸ್ತಿಖಾರಾ ಮಾಡಿ ಇಬ್ಬರಿಗೂ ಹೇಳಿಕಳುಹಿಸೋಣ, ಮೊದಲು ಬಂದವರಿಗೆ ಕೆಲಸ ಬಿಡೋಣ ಎಂದು ಅವರು ತೀರ್ಮಾನಿಸಿದರು. ಬದಿಗೂಡು ಕೊರೆಯುವವರು ಮೊದಲು ಬಂದರು, ಹಾಗೆಯೇ ಆಯಿತು. ಇದನ್ನು ಅನಸ್(ರ) ವರದಿ ಮಾಡಿದ್ದು, ಇಬ್ನು ಮಾಜಃ ಎಂಬ ಹದೀಸ್ ಸಂಗ್ರಹದಲ್ಲಿ ಬಂದಿದೆ. ಅವರು ಕನಸಿಗಾಗಿ ಕಾಯಲಿಲ್ಲ. ಬೇಡಿದರು, ಕೆಲಸಕ್ಕೆ ಇಳಿದರು, ನಡೆದದ್ದನ್ನು ಅಲ್ಲಾಹನ ಆಯ್ಕೆಯೆಂದು ಸ್ವೀಕರಿಸಿದರು.

ಹಾಗೆಂದು ಎದುರಾಗುವ ಪ್ರತಿಯೊಂದು ಸಣ್ಣ ಅಡಚಣೆಯನ್ನೂ ಅಲ್ಲಾಹನ ತಡೆಯೆಂದು ಓದಲು ಹೊರಟರೆ ಯಾವ ಕೆಲಸವೂ ಮುಂದುವರಿಯುವುದಿಲ್ಲ. ವೈದ್ಯಕೀಯ ತಪಾಸಣೆಯ ದಿನ ಮುಂದೂಡಲ್ಪಟ್ಟಿತು, ನೋಂದಣಿ ಕಚೇರಿಯಲ್ಲಿ ಸರ್ವರ್ ಕೆಟ್ಟಿತ್ತು, ಹೆಣ್ಣು ನೋಡಲು ಹೊರಟಾಗ ಗಾಡಿಯ ಟೈರ್ ಪಂಕ್ಚರ್ ಆಯಿತು ಎಂಬುವು ದಿನನಿತ್ಯದ ಬದುಕಿನ ಸಂಗತಿಗಳು, ಅವುಗಳಲ್ಲಿ ಶಕುನ ಹುಡುಕುವುದನ್ನು ಇಸ್ಲಾಮ್ ನಿಷೇಧಿಸಿದೆ. ಆದರೆ ಕರಾರುಪತ್ರ ಕೈಗೆ ಬಂದಾಗ ಸಂಬಳದ ಮೊತ್ತ ಬದಲಾಗಿರುವುದು, ಮಾರುವವರ ಸಹೋದರಿಯರು ಸಹಿ ಹಾಕಲು ಒಪ್ಪದಿರುವುದು, ಹುಡುಗ ಮುಂಚೆ ಮುಚ್ಚಿಟ್ಟಿದ್ದ ವಿಷಯವೊಂದು ಬೆಳಕಿಗೆ ಬರುವುದು ಬೇರೆಯೇ ಜಾತಿಯವು. ಇವು ವಿಷಯದ ಹುರುಳನ್ನೇ ಮುಟ್ಟುತ್ತವೆ. ದುಆದ ಉತ್ತರವಾಗಿ ಹೊರಬಂದ ಇಂಥ ಸತ್ಯವನ್ನು ಕಂಡೂ, ಇಸ್ತಿಖಾರಾ ಮಾಡಿದ್ದೇನಲ್ಲ, ಏನೂ ಆಗದು ಎಂದು ಮುನ್ನುಗ್ಗುವುದು ಉತ್ತರವನ್ನು ತಳ್ಳಿಹಾಕಿದಂತೆ.

ಗೊಂದಲ ಉಳಿದರೆ ಇಸ್ತಿಖಾರಾವನ್ನು ಮತ್ತೆ ಮಾಡಬಹುದು. ಏಳು ಸಲ ಮಾಡಬೇಕೆಂದು ಹೇಳುವ ವರದಿಯೊಂದಿದೆ, ಆದರೆ ಹದೀಸ್ ವಿದ್ವಾಂಸರು ಅದನ್ನು ದುರ್ಬಲವೆಂದು ಪರಿಗಣಿಸಿರುವುದರಿಂದ ಆ ಸಂಖ್ಯೆಗೆ ಕಟ್ಟುಬೀಳಬೇಕಾಗಿಲ್ಲ. ಬೇಡಿದೆ, ಉತ್ತರ ಬರಲಿಲ್ಲ ಎಂದು ಅವಸರಪಡದಿರುವವರೆಗೆ ದುಆ ಸ್ವೀಕೃತವಾಗುತ್ತದೆ ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

ಕನಸು, ಫಾಲ್ (ಶಕುನ ನೋಡುವುದು) ಮತ್ತು ಹಣ ಕೊಟ್ಟು ಮಾಡಿಸುವ ಇಸ್ತಿಖಾರಾ

ಜಾಬಿರ್(ರ) ಅವರ ಹದೀಸ್‌ನಲ್ಲಿ ಕನಸಿನ ಪ್ರಸ್ತಾಪವೇ ಇಲ್ಲ. ಒಳ್ಳೆಯ ಕನಸು ಬಿದ್ದರೆ ಸಂತೋಷಪಡಬಹುದು, ಆದರೆ ಕನಸುಗಳಲ್ಲಿ ಅಲ್ಲಾಹನ ಕಡೆಯ ಶುಭವಾರ್ತೆ, ಶೈತಾನನ ಕಡೆಯ ದುಃಖ, ಸ್ವಂತ ಮನಸ್ಸಿನ ಮಾತು ಎಂಬ ಮೂರು ಬಗೆಗಳಿವೆಯೆಂದು ಪ್ರವಾದಿ(ಸ) ಅವರೇ ಹೇಳಿದ್ದಾರೆ. ಇಡೀ ದಿನ ಒಂದೇ ವಿಷಯವನ್ನು ಚಿಂತಿಸಿ ಮಲಗಿದವನಿಗೆ ಮೂರನೆಯದು ಬೀಳುವುದೇ ಹೆಚ್ಚು. ಅದರ ಮೇಲೆ ಮದುವೆ ಮುರಿಯುವುದು ಅಥವಾ ಕೂಡಿಸುವುದು ಸರಿಯಲ್ಲ.

ಇಸ್ಲಾಮ್‌ಗೆ ಮುಂಚೆ ಅರಬರು ಪ್ರಯಾಣ, ಮದುವೆ, ವ್ಯಾಪಾರಗಳಿಗೆ ಮುನ್ನ ಬಾಣಗಳನ್ನು ಎತ್ತಿ ಭವಿಷ್ಯ ನೋಡುತ್ತಿದ್ದರು. ಕುರ್‌ಆನಿನ 5ನೆಯ ಅಧ್ಯಾಯದ 3 ಮತ್ತು 90ನೆಯ ಸೂಕ್ತಗಳು ಅದನ್ನು ನಿಷೇಧಿಸಿದವು. ಅಂಥ ಮನುಷ್ಯನಿಗೆ ಇಸ್ತಿಖಾರಾವನ್ನು ಕಲಿಸಿ ನೇರವಾಗಿ ಅಲ್ಲಾಹನ ಮುಂದೆ ನಿಲ್ಲಿಸಲಾಯಿತು. ಕುರ್‌ಆನನ್ನು ಕಣ್ಣುಮುಚ್ಚಿ ತೆರೆದು ಬಂದ ಸೂಕ್ತದಲ್ಲಿ ಉತ್ತರ ಹುಡುಕುವುದು, ಚೀಟಿ ಎತ್ತಿ ಹೌದು ಅಲ್ಲ ಎಂದು ನೋಡುವುದು, ತಸ್ಬೀಹ್ ಮಣಿ ಎಣಿಸಿ ತೀರ್ಮಾನಿಸುವುದು ಮತ್ತೆ ಆ ಬಾಣಗಳ ಕಡೆಗೇ ಹಿಂದಿರುಗುವ ದಾರಿಗಳು. ಭವಿಷ್ಯ ಹೇಳುವವನ ಬಳಿಗೆ ಹೋಗಿ ಏನನ್ನಾದರೂ ಕೇಳಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕೃತವಾಗದು ಎಂಬ ಕಠಿಣ ಎಚ್ಚರಿಕೆ ಸಹೀಹ್ ಮುಸ್ಲಿಮ್‌ನಲ್ಲಿದೆ. ವಾಟ್ಸಾಪ್‌ನಲ್ಲಿ ಹೆಸರನ್ನೂ ತಾಯಿಯ ಹೆಸರನ್ನೂ ಕಳುಹಿಸಿದರೆ ಇಸ್ತಿಖಾರಾ ಮಾಡಿ ಫಲಿತಾಂಶ ತಿಳಿಸುತ್ತೇವೆ, ಇಷ್ಟು ಶುಲ್ಕ ಎನ್ನುವವರು ಮಾಡುತ್ತಿರುವುದು ಅದೇ ಕೆಲಸ. ಅವರು ಮೊದಲು ಹೇಳುವುದು ಸಾಮಾನ್ಯವಾಗಿ ಯಾರೋ ಮಾಟ ಮಾಡಿದ್ದಾರೆಂದು, ಆಮೇಲೆ ಕೇಳುವುದು ಅದನ್ನು ತೆಗೆಯಲು ಹಣ. ಕಷ್ಟದಲ್ಲಿರುವ ಕುಟುಂಬಗಳು, ಅದರಲ್ಲೂ ಹೆಣ್ಣುಮಕ್ಕಳ ತಾಯಂದಿರು, ಈ ಬಲೆಗೆ ಬೀಳುವುದನ್ನು ನೋಡಿದಾಗ ಬಹಳ ನೋವಾಗುತ್ತದೆ. ಮೊಹಲ್ಲಾದ ಮಸೀದಿಗಳಲ್ಲಿ ಜುಮುಅಃ ಪ್ರವಚನದಲ್ಲಿ ಈ ವಿಷಯವನ್ನು ಬಿಡಿಸಿ ಹೇಳುವ ಅಗತ್ಯವಿದೆ.

ಹದೀಸ್‌ನಲ್ಲಿ ಉದ್ದೇಶಿಸಿದವನೇ ನಮಾಝ್ ಮಾಡಲಿ ಎಂದಿರುವುದರಿಂದ, ವಿಷಯ ಯಾರದೋ ಅವರೇ ಇಸ್ತಿಖಾರಾ ಮಾಡಬೇಕು. ಮಗಳ ಮದುವೆಯಲ್ಲಿ ತಂದೆಗೂ ಒಂದು ನಿರ್ಧಾರವಿದೆ, ಅದಕ್ಕಾಗಿ ತಂದೆ ಮಾಡಲಿ. ಆದರೆ ಬಾಳಬೇಕಾದವಳು ಮಗಳು, ಅವಳ ಒಪ್ಪಿಗೆಯಿಲ್ಲದೆ ನಿಕಾಹ್ ಮಾಡಬಾರದೆಂದು ಪ್ರವಾದಿ(ಸ) ಅವರ ಆದೇಶವಿದೆ, ಆದ್ದರಿಂದ ಅವಳಿಗೆ ಈ ದುಆವನ್ನು ಕಲಿಸಿ, ಯೋಚಿಸಲು ದಿನಗಳನ್ನು ಕೊಡಿ. ಝೈನಬ್ ಬಿಂತ್ ಜಹ್ಶ್(ರ) ಅವರಿಗೆ ಪ್ರವಾದಿ(ಸ) ಅವರ ಕಡೆಯಿಂದಲೇ ವಿವಾಹದ ಪ್ರಸ್ತಾಪ ಬಂದಾಗ ಅವರು ರೊಟ್ಟಿಯ ಹಿಟ್ಟನ್ನು ಹದ ಮಾಡುತ್ತಿದ್ದರು. ನನ್ನ ಪ್ರಭುವಿನ ಆದೇಶ ಕೇಳದೆ ನಾನು ಏನನ್ನೂ ಮಾಡಲಾರೆ ಎಂದು ಹೇಳಿ ಎದ್ದು ತಮ್ಮ ನಮಾಝ್‌ನ ಸ್ಥಳಕ್ಕೆ ಹೋದರು. ಅದಕ್ಕಿಂತ ಶ್ರೇಷ್ಠ ಸಂಬಂಧ ಇನ್ನಾವುದಿತ್ತು? ಆದರೂ ಅವರು ಕೇಳಿದರು, ಅವರಿಗೆ ಆ ಬಿಡುವನ್ನು ಯಾರೂ ನಿರಾಕರಿಸಲಿಲ್ಲ. ವರನ ಕಡೆಯವರು ಕಾಯುತ್ತಿದ್ದಾರೆ, ಇವತ್ತೇ ಉತ್ತರ ಹೇಳಬೇಕು ಎಂದು ಹುಡುಗಿಯನ್ನು ಒತ್ತಾಯಿಸುವ ಮನೆಗಳು ಝೈನಬ್(ರ) ಅವರ ನಡೆಯನ್ನು ಓದಬೇಕು.

ನಿರ್ಧಾರದ ನಂತರ ಕಷ್ಟ ಬಂದರೆ

ಇಸ್ತಿಖಾರಾ ಮಾಡಿ ಹೋದ ಕೆಲಸ ಆರು ತಿಂಗಳಲ್ಲಿ ತಪ್ಪಿತು, ಇಸ್ತಿಖಾರಾ ಮಾಡಿ ಒಪ್ಪಿದ ಮದುವೆಯಲ್ಲಿ ಜಗಳ ಬಂದಿತು, ಹಾಗಾದರೆ ದುಆ ವ್ಯರ್ಥವಾಯಿತೇ ಎಂದು ಕೇಳುವವರಿದ್ದಾರೆ. ಕಷ್ಟವೇ ಬರಬಾರದೆಂದು ಆ ದುಆದಲ್ಲಿ ನಾವು ಕೇಳಿರಲಿಲ್ಲ, ಒಳಿತನ್ನು ವಿಧಿಸೆಂದು ಕೇಳಿದ್ದೆವು. ನೀವು ಅಪ್ರಿಯವೆಂದು ತಿಳಿದದ್ದು ನಿಮಗೆ ಒಳಿತಾಗಿರಬಹುದು, ಪ್ರಿಯವೆಂದು ತಿಳಿದದ್ದು ಕೆಡುಕಾಗಿರಬಹುದು, ಅಲ್ಲಾಹನು ಬಲ್ಲನು, ನೀವು ಅರಿಯಿರಿ ಎಂಬ ಕುರ್‌ಆನಿನ 2:216ರ ಅರ್ಥವನ್ನು ಇಂಥ ದಿನಗಳಲ್ಲಿ ಮತ್ತೆ ಮತ್ತೆ ಓದಬೇಕು. ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎಂದು ಹಿಂದಿನದನ್ನು ಕೆದಕಬೇಡಿ, ಆ ಮಾತು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ, ಅಲ್ಲಾಹನು ವಿಧಿಸಿದ್ದು ಮತ್ತು ಬಯಸಿದ್ದು ಆಯಿತು ಎನ್ನಿರಿ ಎಂದು ಪ್ರವಾದಿ(ಸ) ಅವರು ಕಲಿಸಿದ್ದಾರೆ. ಅದೇ ಹದೀಸಿನ ಆರಂಭದಲ್ಲಿ, ನಿನಗೆ ಪ್ರಯೋಜನವಾಗುವುದಕ್ಕೆ ಪ್ರಯತ್ನಿಸು, ಅಲ್ಲಾಹನ ನೆರವು ಬೇಡು, ಅಶಕ್ತನಾಗಿ ಕೂರಬೇಡ ಎಂಬ ಆಜ್ಞೆಯೂ ಇದೆ.

ಆದ್ದರಿಂದ ತೃಪ್ತಿಯೆಂದರೆ ಅನ್ಯಾಯವನ್ನು ಸುಮ್ಮನೆ ಸಹಿಸಿಕೊಳ್ಳುವುದೆಂದು ಅರ್ಥವಲ್ಲ. ಸಂಬಳ ಕೊಡದ ಕಂಪೆನಿಯ ವಿರುದ್ಧ ಭಾರತೀಯ ರಾಯಭಾರ ಕಚೇರಿಗೆ ದೂರು ಕೊಡಬೇಕು, ಹೊಡೆಯುವ ಗಂಡನ ವಿಷಯದಲ್ಲಿ ಎರಡೂ ಕಡೆಯ ಹಿರಿಯರನ್ನು ಕೂಡಿಸಬೇಕು, ಕಾನೂನಿನ ನೆರವನ್ನೂ ಪಡೆಯಬೇಕು. ಇಸ್ತಿಖಾರಾ ಮಾಡಿ ಆದ ಮದುವೆಯಲ್ಲವೇ, ತಾಳಿಕೋ ಎಂದು ಮಗಳ ಬಾಯಿ ಮುಚ್ಚಿಸುವುದಕ್ಕೆ ಈ ಆರಾಧನೆಯನ್ನು ಬಳಸುವ ಹಕ್ಕು ಯಾರಿಗೂ ಇಲ್ಲ. ಆ ಕೆಲಸದಲ್ಲಿ ಮುಂದುವರಿಯುವುದೇ ಊರಿಗೆ ಮರಳುವುದೇ, ರಾಜಿಗೆ ಇನ್ನೊಂದು ಅವಕಾಶ ಕೊಡುವುದೇ ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ) ಕೇಳುವುದೇ ಎಂಬುದು ಈಗ ಎದುರಿಗಿರುವ ಹೊಸ ಪ್ರಶ್ನೆ. ಅದಕ್ಕಾಗಿ ಬಲ್ಲವರನ್ನು ಮತ್ತೆ ಕೇಳಿ, ಒಂದು ಅಭಿಪ್ರಾಯಕ್ಕೆ ಬಂದು, ವುಝೂ ಮಾಡಿ ಎರಡು ರಕಅತ್‌ಗೆ ಮತ್ತೆ ನಿಲ್ಲಿ.